ಕಲ್ಲಿಗೆ ಮೇಲು ಯಾವುದು?



ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಡೆನ್ಮಾರ್ಕಿನ ನಿಕೋಲಸ್ ಸ್ಟೆನೊ 1669ರಲ್ಲಿ ಬರೆದಿಟ್ಟ ಈ ಮಾತು ಭೂವಿಜ್ಞಾನದ ಮೊದಲ ಪಾಠ. ಚಿತ್ರದುರ್ಗದ ಶಿಸ್ಟ್ ಪಟ್ಟಿಗೆ ಕಾಲಿಟ್ಟ ಕೂಡಲೇ ಈ ಪಾಠ ಕೈಕೊಡುತ್ತದೆ. ಅಲ್ಲಿ ಬಹುಪಾಲು ಪದರಗಳು ಮಲಗಿಲ್ಲ, ಕಡಿದಾಗಿ ಎದ್ದು ನಿಂತಿವೆ. ಪೂರ್ವದ ಪದರ ಮೊದಲು ಬಂದದ್ದೋ, ಪಶ್ಚಿಮದ್ದೋ? ಜಗತ್ತಿನ ಹಳೆಯ ಪರ್ವತಗಳಲ್ಲಿ ಪದರಗಳು ಪೂರಾ ಮಗುಚಿ ಬಿದ್ದು, ಹಳೆಯದೇ ಹೊಸದರ ತಲೆಯ ಮೇಲೆ ಕೂತಿರುವುದೂ ಉಂಟು. ಇದನ್ನು ಗುರುತಿಸದೆ ನಕ್ಷೆ ಬರೆದರೆ, ಮಡಿಚಿಕೊಂಡು ಎರಡು ಕಡೆ ಕಾಣುವ ಒಂದೇ ಪದರವನ್ನು ಎರಡೆಂದು ಎಣಿಸಿಬಿಡುತ್ತೇವೆ. ದಪ್ಪದ ಲೆಕ್ಕವೂ ತಪ್ಪುತ್ತದೆ, ಚರಿತ್ರೆಯೂ ತಪ್ಪುತ್ತದೆ.

ಬೆಟ್ಟದಷ್ಟು ದೊಡ್ಡ ಈ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಅಂಗೈಯಗಲದ ಕಲ್ಲಿನಲ್ಲೇ ಸಿಗುತ್ತದೆ. ಇವತ್ತು ನಾನು ಹೇಳಹೊರಟಿರುವುದು ಇಷ್ಟೇ.

ಇದನ್ನು ಕಲಿಯಲು ಬಾದಾಮಿಗಿಂತ ಒಳ್ಳೆಯ ಶಾಲೆ ಬೇರೆ ಬೇಡ. ಅಲ್ಲಿನ ಮರಳುಗಲ್ಲು ಹೆಚ್ಚು ಅಲುಗಾಡದೆ ಹೆಚ್ಚುಕಡಿಮೆ ಸಮತಟ್ಟಾಗಿಯೇ ಉಳಿದಿದೆ. ಮೇಲು ಯಾವುದೆಂದು ಮೊದಲೇ ಗೊತ್ತು. ಗುಹಾಲಯಗಳ ವಿಗ್ರಹಗಳನ್ನು ನೋಡಿ ಮುಗಿಸಿದ ಮೇಲೆ ಪಕ್ಕದ ಬಂಡೆಯನ್ನೂ ಸ್ವಲ್ಪ ಹೊತ್ತು ನೋಡಿ. ಒಂದು ಪದರದೊಳಗೆ ಓರೆಯಾದ ಸಣ್ಣ ಗೆರೆಗಳು ಸಾಲಾಗಿ ಇಳಿದಿರುತ್ತವೆ. ಇದೇ ಕ್ರಾಸ್ ಬೆಡ್ಡಿಂಗ್, ಅಡ್ಡಪದರ. ನೀರು ಮರಳುದಿಬ್ಬವನ್ನು ಮುಂದಕ್ಕೆ ತಳ್ಳುವಾಗ ಮರಳು ಅದರ ಮುಂಭಾಗದ ಇಳಿಜಾರಿನಲ್ಲಿ ಪದರಪದರವಾಗಿ ಜಾರಿ ನಿಲ್ಲುತ್ತದೆ. ತಳ ಮುಟ್ಟುವಾಗ ಗೆರೆ ಮೆಲ್ಲಗೆ ಬಾಗಿ ನೆಲಕ್ಕೆ ಒರಗಿಕೊಳ್ಳುತ್ತದೆ. ಆಮೇಲೆ ಬಂದ ನೀರು ದಿಬ್ಬದ ನೆತ್ತಿಯನ್ನು ಕೊಚ್ಚಿಕೊಂಡು ಹೋಗುತ್ತದೆ, ಬುಡ ಉಳಿಯುತ್ತದೆ. ಹೀಗಾಗಿ ಗೆರೆಗಳು ಥಟ್ಟನೆ ಕತ್ತರಿಸಿಹೋದ ಕಡೆ ಮೇಲು, ಬಾಗಿ ಸೇರುವ ಕಡೆ ಕೆಳಗು. ಗೆರೆಗಳು ಬಾಗದೆ ಎರಡು ತುದಿಯಲ್ಲೂ ನೇರವಾಗಿಯೇ ನಿಂತಿದ್ದರೆ? ಆಗ ಆ ಕಲ್ಲು ಸಾಕ್ಷಿ ಹೇಳುವುದಿಲ್ಲ. ಬಲವಂತ ಮಾಡಬಾರದು.

ಉಳಿದ ಗುರುತುಗಳು ಇನ್ನೂ ಸರಳ. ಹಿಂದೆಮುಂದೆ ತೂಗಿದ ನೀರು ಮೂಡಿಸಿದ ಅಲೆಗುರುತಿನಲ್ಲಿ ಚೂಪಾದ ಏಣು ಮೇಲಕ್ಕೆ, ದುಂಡನೆಯ ತಗ್ಗು ಕೆಳಕ್ಕೆ. ಒಣಗಿ ಸೀಳಿದ ಕೆಸರಿನ ಬಿರುಕು ಕೆಳಗಿಳಿದಂತೆ ಕಿರಿದಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿರುವಂಥ ದಿಂಬು ಲಾವಾ ಮರಳಿನ ಪದರವಲ್ಲ, ನೀರಿನಡಿ ಉಕ್ಕಿ ಗಟ್ಟಿಯಾದದ್ದು. ಆದರೂ ಅದೂ ದಿಕ್ಕು ತೋರಿಸುತ್ತದೆ: ಉಬ್ಬಿದ ಬೆನ್ನು ಮೇಲೆ, ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದ ಬಾಲ ಕೆಳಗೆ.

ಅಡ್ಡಪದರ ನೋಡಿ ಮೇಲು ಗುರುತಿಸುವ ವಿದ್ಯೆಯನ್ನು ಐರ್ಲೆಂಡಿನ ಪ್ಯಾಟ್ರಿಕ್ ಗ್ಯಾನ್ಲಿ 1856ರಲ್ಲೇ ಡಬ್ಲಿನ್ನಿನಲ್ಲಿ ವಿವರಿಸಿದ್ದ. ಯಾರೂ ಕಿವಿಗೊಡಲಿಲ್ಲ. ಸ್ಕಾಟ್ಲೆಂಡಿನ ಬಲ್ಲಾಹುಲಿಶ್ ಸುತ್ತಿನ ಮಗುಚಿದ ಮಡಿಕೆಗಳನ್ನು ಎಡ್ವರ್ಡ್ ಬೇಲಿ 1910ರಲ್ಲಿ ವಿವರಿಸಿದಾಗ, ಆತ ಕೊಟ್ಟ ಪದರಗಳ ಅನುಕ್ರಮವೇ ತಲೆಕೆಳಗಾಗಿತ್ತು. 1920ರ ದಶಕದಲ್ಲಿ ಕೆನಡಾದ ಟ್ಯಾಂಟನ್, ನಾರ್ವೆಯ ಫೋಗ್ಟ್ ಅದೇ ಬಂಡೆಗಳಲ್ಲಿದ್ದ ಗುರುತುಗಳತ್ತ ಬೊಟ್ಟು ಮಾಡಿದರು. ಬೇಲಿ ವಾದಕ್ಕೆ ನಿಲ್ಲಲಿಲ್ಲ. 1930ರಲ್ಲಿ ಹೊಸ ಓದನ್ನು ತಾನೇ ಪ್ರಕಟಿಸಿದ. ಅಂಥ ದೊಡ್ಡತನ ನಮ್ಮ ಶಾಸ್ತ್ರದಲ್ಲಿ ಅಪರೂಪ.

ನಮ್ಮಲ್ಲಿ ಜಗಳ ಇನ್ನೂ ಬುಡದಲ್ಲೇ ಇತ್ತು: ಚಿತ್ರದುರ್ಗ, ಬಾಬಾಬುಡನ್‌ಗಿರಿಯ ಬಂಡೆಗಳು ಸೇರುವ ಧಾರವಾಡ ಶಿಲೆಗಳಲ್ಲಿ ನೀರು ತಂದಿಟ್ಟ ಪದರಗಳು ಇವೆಯೇ ಎಂಬುದೇ ಪ್ರಶ್ನೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರ ಪ್ರಕಾರ ಧಾರವಾಡ ಶಿಲೆಗಳೆಲ್ಲ ಅಗ್ನಿಶಿಲೆಗಳೇ, ಕಲ್ಲುಂಡೆ ಶಿಲೆ (ಕಾಂಗ್ಲೊಮೆರೇಟ್) ಕೂಡ ಒತ್ತಡಕ್ಕೆ ಪುಡಿಯಾದ ಬಂಡೆ. ತರೀಕೆರೆ ಬಳಿಯ ಕಲ್ದುರ್ಗದ ಉಂಡೆಗಳು ನೀರಿನಲ್ಲೇ ಉರುಳಿ ಬಂದವೆಂದು ಸಿ. ಎಸ್. ಪಿಚ್ಚಮುತ್ತು 1935ರಲ್ಲಿ ತೋರಿಸಿದರು. ಬಾಬಾಬುಡನ್‌ಗಿರಿಯ ಕ್ವಾರ್ಟ್ಜೈಟಿನಲ್ಲಿ ಅಡ್ಡಪದರ, ಅಲೆಗುರುತುಗಳು ಕಂಡಮೇಲೆ ಅದು ಒಂದು ಕಾಲದ ಮರಳೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. 250 ಕೋಟಿ ವರ್ಷಕ್ಕೂ ಹಿಂದಿನ ನೀರಿನ ಗುರುತು ಅದು.

ಒಂದು ಎಚ್ಚರಿಕೆ. ಪ್ರವಾಹ ತಂದು ಸುರಿದ ಪದರದಲ್ಲಿ ದಪ್ಪ ಕಾಳು ಕೆಳಗೆ, ನುಣುಪು ಕೆಸರು ಮೇಲೆ ಇರುವುದು ಸಾಮಾನ್ಯ. ಆದರೆ ನೆಲದಾಳದಲ್ಲಿ ಕಲ್ಲು ಬೆಂದಾಗ ಆ ಕೆಸರಿನ ಭಾಗದಲ್ಲೇ ಆಂಡಲುಸೈಟ್, ಸ್ಟಾರೊಲೈಟ್‌ನಂಥ ದಪ್ಪ ಹರಳು ಬೆಳೆಯಬಹುದು. ನುಣುಪಾಗಿದ್ದ ಕಡೆ ಒರಟಾಗುತ್ತದೆ. ಕಾಳಿನ ಗಾತ್ರವನ್ನಷ್ಟೇ ನಂಬಿದವನು ದಿಕ್ಕನ್ನು ತಿರುವುಮುರುವು ಓದುತ್ತಾನೆ. ಅದಕ್ಕೇ ಒಂದು ಗುರುತಿಗೆ ಇನ್ನೊಂದರ ಬೆಂಬಲ ಬೇಕು.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ. ಸುತ್ತಿಗೆ ಎತ್ತುವ ಮೊದಲು ಪದರ ಇದ್ದ ಜಾಗದಲ್ಲೇ ಅದರ ಚಿತ್ರ ಬರೆದುಕೊಳ್ಳಿ, ಅದರ ಓಟ (ಸ್ಟ್ರೈಕ್) ಮತ್ತು ಓರೆ (ಡಿಪ್) ಅಳೆಯಿರಿ, ತುಂಡಿನ ಮೇಲೆ ಬಾಣದ ಗುರುತು ಹಾಕಿ. ಬಾಣವಿಲ್ಲದೆ ಚೀಲ ಸೇರಿದ ತುಂಡು, ಬೆಟ್ಟದಲ್ಲಿ ಅದರ ಮೇಲ್ಮುಖ ಯಾವ ದಿಕ್ಕಿಗಿತ್ತೆಂಬುದನ್ನು ಯಾವ ಪ್ರಯೋಗಾಲಯದಲ್ಲೂ ಹೇಳಲಾರದು.