ನಿಮ್ಮ ಕೂದಲಿಗೆ ಯಾವ ಕಂಡೀಷನರ್? ಅಡುಗೆಮನೆಗೆ ಹೋಗೋ ಮುಂಚೆ ಇದನ್ನು ಕೇಳಿ

ಇಯರ್‌ಫೋನ್ ಹಾಕ್ಕೊಂಡು ಹರಿಹರ–ದಾವಣಗೆರೆ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿರೋರಿಗೆ ಇವತ್ತಿನ ಮಾತು ಚೆನ್ನಾಗಿ ಅರ್ಥ ಆಗುತ್ತೆ. ಯಾಕಂದ್ರೆ ನನ್ನ ಕೂದಲಿನ ಕಥೆ ಶುರುವಾಗಿದ್ದೇ ಆ ದಾರಿಯಲ್ಲಿ.

ನಾನು ಬೆಳೆದಿದ್ದು ಹರಿಹರದಲ್ಲಿ, ಅಜ್ಜಿ ಮನೆಯಲ್ಲಿ. ಭಾನುವಾರ ಬಂತು ಅಂದ್ರೆ ತಲೆಗೆ ಎಣ್ಣೆ, ಆಮೇಲೆ ಸೀಗೆಕಾಯಿ, ಕೊನೆಗೆ ದಾಸವಾಳದ ಎಲೆಯ ಲೋಳೆ. ನಲ್ಲಿಯಲ್ಲಿ ಬರ್ತಿದ್ದದ್ದು ತುಂಗಭದ್ರೆಯ ನೀರು. ಕಂಡೀಷನರ್ ಅನ್ನೋ ಪದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ, ಆದರೆ ಕೆಲಸ ನಡೀತಿತ್ತು.

ಕಾಲೇಜಿಗೆ ಅಂತ ದಾವಣಗೆರೆಗೆ ಬಂದು ರೂಮ್ ಮಾಡಿದೆ. ಅಲ್ಲಿ ಬೋರ್‌ವೆಲ್ ನೀರು. ಬಕೆಟ್ ಒಳಗೆ ಬಿಳಿ ಪದರ, ಸೋಪು ಹಾಕಿದ್ರೆ ನೊರೆ ಬರಲ್ಲ. ಎರಡು ಮೂರು ತಿಂಗಳಲ್ಲೇ ಕೂದಲು ತೆಂಗಿನ ನಾರಿನ ಹಾಗಾಯ್ತು. ಆಗ ಮೊಬೈಲ್‌ನಲ್ಲಿ ನೋಡಿದ್ದೆಲ್ಲ ಮಾಡಿದೆ. ಮೊಸರು, ಮೊಟ್ಟೆ, ಮೆಂತ್ಯ, ಈರುಳ್ಳಿ ರಸ... ಒಂದು ಸಲ ಮೊಟ್ಟೆ ಹಚ್ಚಿ ಬಿಸಿನೀರು ಹುಯ್ಕೊಂಡೆ. ತಲೆ ಮೇಲೆ ಬುರ್ಜಿ ರೆಡಿ! ನಗಬೇಡಿ, ನಿಮ್ಮಲ್ಲೂ ಕೆಲವರು ಮಾಡಿರ್ತೀರಿ.

ತಪ್ಪು ಎಲ್ಲಿ ಆಯ್ತು? ನನ್ನ ಕೂದಲು ಎಂಥದ್ದು, ನೀರು ಎಂಥದ್ದು ಅಂತ ಕೇಳ್ಕೊಳ್ಳದೇ ಉತ್ತರ ಹುಡುಕೋಕೆ ಹೋಗಿದ್ದೆ.

ಮೊದಲು ಕಂಡೀಷನರ್ ಏನು ಮಾಡುತ್ತೆ ನೋಡೋಣ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇರಲ್ಲ. ಅದರ ಮೇಲೆ ಮನೆಯ ಹೆಂಚಿನ ಹಾಗೆ ಸಣ್ಣ ಸಣ್ಣ ಪದರಗಳಿರ್ತವೆ. ಬಿಸಿ, ಬಣ್ಣ, ಉಜ್ಜಾಟದಿಂದ ಆ ಹೆಂಚು ಎದ್ದು ನಿಂತರೆ ಕೂದಲು ಒರಟು, ಸಿಕ್ಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಟಿಕೊಂಡರೂ ಅಷ್ಟೇ. ಕಂಡೀಷನರ್ ಆ ಹೆಂಚಿನ ಮೇಲೆ ತೆಳ್ಳಗೆ ಒಂದು ಹೊದಿಕೆ ಹಾಕುತ್ತೆ. ಅದು ಕೂದಲಿಗೆ ಊಟ ಅಲ್ಲ, ಕೊಡೆ.

ಈಗ ನಿಮ್ಮ ಕೂದಲು ಪರೀಕ್ಷೆ ಮಾಡಿ. ತಲೆ ತೊಳೆದು ಏನೂ ಹಚ್ಚದೆ ಗಾಳಿಗೆ ಒಣಗಿಸಿ. ಮಾರನೇ ದಿನಕ್ಕೇ ಬುಡ ಜಿಡ್ಡಾದ್ರೆ ಎಣ್ಣೆ ಸ್ವಭಾವ. ತುದಿ ಗರಗರ ಅಂದ್ರೆ ಒಣ ಸ್ವಭಾವ. ಎರಡೂ ಒಟ್ಟಿಗೇ ಇರಬಹುದು. ಹರಿಹರೇಶ್ವರ ದೇವಸ್ಥಾನದ ಮೂರ್ತಿ ನೋಡಿದ್ದೀರಲ್ಲ, ಅರ್ಧ ಹರಿ, ಅರ್ಧ ಹರ? ನನ್ನ ತಲೆಯೂ ಹಾಗೇ. ಬುಡಕ್ಕೆ ಒಂದು ಪೂಜೆ, ತುದಿಗೆ ಇನ್ನೊಂದು.

ತೆಳು ಕೂದಲು, ಜಿಡ್ಡು ಬುಡ ಇರೋರು ದಾಸವಾಳದ ಎಲೆ ಅಥವಾ ಲೋಳೆಸರ ಬಳಸಿ. 10–15 ಎಲೆ ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ. ಕಿವಿಯಿಂದ ಕೆಳಗಿನ ಕೂದಲಿಗಷ್ಟೇ ಹಚ್ಚಿ, ಹತ್ತು ನಿಮಿಷಕ್ಕೆ ತೊಳೀರಿ. ಎಣ್ಣೆ, ಮೊಸರು ಇಂಥ ಕೂದಲಿಗೆ ಭಾರ.

ಗುಂಗುರು, ಒಣ ಕೂದಲಿಗೆ ಅಗಸೆ ಬೀಜ. ಎರಡು ಚಮಚ ಬೀಜ, ಎರಡು ಕಪ್ ನೀರು, ಸಣ್ಣ ಉರಿ. ಮೊಟ್ಟೆಯ ಬಿಳಿ ಲೋಳೆ ಹದಕ್ಕೆ ಬಂದ ಕೂಡಲೇ ಬಿಸಿ ಇರುವಾಗಲೇ ಸೋಸಿ. ಆರಿದ ಮೇಲೆ ಸೋಸೋದು ಕಷ್ಟ. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ.

ಬಣ್ಣ ಹಾಕಿಸಿದ, ಸ್ಟ್ರೈಟನಿಂಗ್ ಮಾಡಿಸಿದ ಕೂದಲಿಗೆ ತೆಂಗಿನೆಣ್ಣೆ, ಅದೂ ತೊಳೆಯೋಕೆ ಮುಂಚೆ. 2003ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ರು. ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅಜ್ಜಿ ಗೆದ್ದಳು!

ಮೆಂತ್ಯ ರಾತ್ರಿ ನೆನೆಸಿ, ರುಬ್ಬಿ ಸೋಸಿದ್ರೆ ದಪ್ಪ ಕೂದಲಿಗೆ ಒಳ್ಳೇದು. ಸೋಸದಿದ್ರೆ ಇಡೀ ದಿನ ಬಸ್ಸಲ್ಲಿ ತಲೆಯಿಂದ ತರಿ ಉದುರುತ್ತೆ. ಕಡಲೆಕಾಯಿ ಆಗದವರಿಗೆ ಮೆಂತ್ಯವೂ ಅಲರ್ಜಿ ಆಗಬಹುದು. ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದೆರಡು ದಿನ ಕಾಯಿರಿ. ನಿಂಬೆರಸ ನೇರವಾಗಿ ಹಚ್ಚಲೇಬೇಡಿ, ಅದು ತುಂಬಾ ಹುಳಿ. ಬೋರ್ ನೀರಿನವರು ಕೊನೆಯ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಹಾಕಿ ಹುಯ್ಕೊಳ್ಳಬಹುದು. ಅದಕ್ಕಿಂತ ಸುಲಭ ಅಂದ್ರೆ ಕೊನೆಯ ಎರಡು ಚೊಂಬು ನಲ್ಲಿ ನೀರು ಬಳಸೋದು. ಹರಿಹರದ ಹತ್ತಿರದ ರಾಜನಹಳ್ಳಿಯಿಂದ ಅದೇ ತುಂಗಭದ್ರೆ ದಾವಣಗೆರೆಗೂ ಬರ್ತಾಳೆ. ನಾನೇ ಗಮನಿಸಿರಲಿಲ್ಲ, ಅಷ್ಟೇ.

ತಲೆಹೊಟ್ಟು ಇದ್ದೋರು ಬುಡಕ್ಕೆ ಎಣ್ಣೆ ಸುರೀಬೇಡಿ. ಹೊಟ್ಟಿಗೆ ಕಾರಣವಾಗೋ ಶಿಲೀಂಧ್ರಕ್ಕೆ ಜಿಡ್ಡೇ ಊಟ.

ಕೊನೆಗೆ, ನಾನು ಈ ಸಂಚಿಕೆ ಮಾಡ್ತಿರೋ ಅಸಲಿ ಕಾರಣ. ಎರಡನೇ ವರ್ಷದಲ್ಲಿ ನನ್ನ ಕೂದಲು ಒರಟಾಗಿದ್ದಷ್ಟೇ ಅಲ್ಲ, ಹಿಡಿಹಿಡಿ ಉದುರೋಕೆ ಶುರುವಾಯ್ತು. ದಿನಕ್ಕೆ 50ರಿಂದ 100 ಎಳೆ ಬೀಳೋದು ಸಹಜ. ಇದು ಅದಕ್ಕಿಂತ ಎಷ್ಟೋ ಜಾಸ್ತಿ. ಎಂಟು ತಿಂಗಳು ನಾನು ಲೋಳೆಸರ ಬದಲಾಯಿಸಿ ಮೆಂತ್ಯ, ಮೆಂತ್ಯ ಬದಲಾಯಿಸಿ ಈರುಳ್ಳಿ ಅಂತ ಕಳೆದೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿತ್ತು, ಅದನ್ನ ಯಾರಿಗೂ ಹೇಳಲಿಲ್ಲ. ರಜೆಗೆ ಹೋದಾಗ ಜಡೆ ಹಾಕ್ತಾ ಅಜ್ಜಿ ಕೈ ನಿಲ್ಲಿಸಿ, "ಕೂದಲಿಗಲ್ಲ, ನಿನಗೇ ಏನೋ ಆಗೈತಿ" ಅಂದ್ರು. ರಕ್ತ ಪರೀಕ್ಷೆ ಮಾಡಿಸಿದ್ವಿ. ಕಬ್ಬಿಣದ ಅಂಶ, ಹಿಮೋಗ್ಲೋಬಿನ್ ಎರಡೂ ಪಾತಾಳದಲ್ಲಿದ್ವು. ಬೆಳಗ್ಗೆ ತಿಂಡಿ ಬಿಟ್ಟು ಮಂಡಕ್ಕಿ, ಚಹಾದಲ್ಲಿ ದಿನ ತಳ್ಳಿದ್ದರ ಫಲವೂ ಅದರಲ್ಲಿತ್ತು. ಡಾಕ್ಟರ್ ಕೊಟ್ಟ ಮಾತ್ರೆ, ಸರಿಯಾದ ಊಟ, ಆರೇಳು ತಿಂಗಳ ತಾಳ್ಮೆ. ಆಮೇಲೆ ಹೊಸ ಕೂದಲು ಬಂತು.

ಹಾಗಾಗಿ ಒರಟು ಕೂದಲಿಗೆ ದಾಸವಾಳ ಹುಡುಕಿ. ಉದುರೋ ಕೂದಲಿಗೆ, ಅದರ ಜೊತೆ ಸುಸ್ತೂ ಇದ್ರೆ, ಮೊದಲು ಡಾಕ್ಟರ್ ಹತ್ತಿರ ಹೋಗಿ. ನಿಮ್ಮ ರೂಮ್‌ಮೇಟ್ ಬಾಚಣಿಗೆ ನೋಡಿ ಸುಮ್ಮನೆ ಕೂತಿದ್ರೆ, ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ. ತಿಂಡಿ ತಿಂದ್ಕೊಂಡೇ ಬನ್ನಿ!