ಸಾಲ ಕೊಟ್ಟವರು ಯಾರು?



ಸಾಲದ ಮಾತು ಬಂದರೆ ನಾವು ಮೊದಲು ಕೇಳುವುದು ‘ಬಡ್ಡಿ ಎಷ್ಟು?’ ಎಂದು. ನಮ್ಮ ಕಾನೂನು ಅದಕ್ಕೂ ಮೊದಲು ಕೇಳುವುದು, ಕೊಟ್ಟವರು ಯಾರು ಎಂದು.

ಮಗಳ ಕಾಲೇಜು ಫೀಸಿಗೆ ಒಬ್ಬ ತಾಯಿ ಊರಿನ ಬಡ್ಡಿ ವ್ಯವಹಾರದವರ ಹತ್ತಿರ ಕೈಸಾಲ ತಂದರು ಎನ್ನಿ. ಅದು 1961ರ ಕರ್ನಾಟಕ ಲೇವಾದೇವಿಗಾರರ ಅಧಿನಿಯಮಕ್ಕೆ ಒಳಪಡುತ್ತದೆ. ಕೊಡುವವರು ಸಹಕಾರ ಇಲಾಖೆಯ ಪರವಾನಗಿ ಪಡೆದಿರಬೇಕು. ಬಡ್ಡಿ ವರ್ಷಕ್ಕೆ ಅಡವಿದ್ದರೆ ಶೇ 14, ಇಲ್ಲದಿದ್ದರೆ ಶೇ 16 ಮೀರಬಾರದು. ‘ಮೂರು ರೂಪಾಯಿ ಬಡ್ಡಿ’ ಎಂದು ಹಗುರವಾಗಿ ಹೇಳುತ್ತೇವಲ್ಲ, ಅದು ವರ್ಷಕ್ಕೆ ಶೇ 36! ಮಿತಿಯ ಎರಡು ಪಟ್ಟಿಗೂ ಹೆಚ್ಚು.

ಅದೇ ತಾಯಿ ಅದೇ ಫೀಸಿಗೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಫೈನಾನ್ಸ್ ಕಂಪನಿಗೆ ಹೋದರೆ ಈ ಮಿತಿ ಅವರ ಕೈಗೆ ಸಿಗದು. ಕೇರಳ ಮತ್ತು ಗುಜರಾತಿನ ಕಾಯ್ದೆಗಳ ಪ್ರಕರಣದಲ್ಲಿ, ಇಂಥ ಕಂಪನಿಗಳಿಗೆ ರಾಜ್ಯದ ಲೇವಾದೇವಿ ಕಾನೂನು ಅನ್ವಯಿಸದು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಿರುಕುಳದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆದರೆ ರಿಸರ್ವ್ ಬ್ಯಾಂಕಿನ ನೋಂದಣಿಯುಳ್ಳವರು ಅದರ ಹೊರಗೇ ಉಳಿದರು. ಬಾಗಿಲು ಬಡಿಯುವವರ ದನಿ ಆ ತಾಯಿಗೆ ಒಂದೇ; ಕಾನೂನಿಗೆ ಮಾತ್ರ ಬೇರೆ ಬೇರೆ.

ರಿಸರ್ವ್ ಬ್ಯಾಂಕಿನ ನಿಯಮಗಳು ಬರಿದಲ್ಲ, ಅದನ್ನೂ ಹೇಳಬೇಕು. 2022ರ ನಿರ್ದೇಶನದಲ್ಲಿ ಕಿರುಸಾಲದ ವ್ಯಾಖ್ಯೆ ಸಾಲಗಾರರ ಮನೆಯಿಂದ ಶುರುವಾಗುತ್ತದೆ: ವರ್ಷಕ್ಕೆ ಮೂರು ಲಕ್ಷದವರೆಗೆ ವರಮಾನವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಟ್ಟ ಸಾಲ. ಆ ಕುಟುಂಬದ ಎಲ್ಲ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು. ನನಗೆ ತುಂಬ ಹಿಡಿಸಿದ ವ್ಯಾಖ್ಯೆ ಇದು. ಆದರೆ ಬಡ್ಡಿಗೆ ಅಲ್ಲಿ ಅಂಕಿಯ ಮಿತಿಯಿಲ್ಲ.

ನ್ಯೂಜಿಲೆಂಡಿನ 2003ರ ಕಾಯ್ದೆ ಸಾಲ ಯಾತಕ್ಕೆ ಎಂದೂ ನೋಡುತ್ತದೆ. ಸ್ವಂತದ, ಮನೆವಾರ್ತೆಯ ಖರ್ಚಿಗಾದರೆ ಅದು ಗ್ರಾಹಕ ಸಾಲದ ಒಪ್ಪಂದ. ಬ್ಯಾಂಕಾಗಲಿ, ಸಣ್ಣ ಸಾಲದ ಅಂಗಡಿಯಾಗಲಿ, ಆ ವ್ಯವಹಾರ ನಡೆಸುವವರೆಲ್ಲ ಅದಕ್ಕೆ ಬದ್ಧರು. ನಮಗೂ ಅಂಥದೊಂದು ಕೇಂದ್ರ ಕಾಯ್ದೆ ಬೇಕು. ಅದು ಬರುವತನಕ, ಸಹಿ ಹಾಕುವ ಮುನ್ನ ಸಾಲ ಕೊಡುವವರ ಪರವಾನಗಿಯನ್ನೋ ನೋಂದಣಿ ಪತ್ರವನ್ನೋ ಕೇಳಿ ಪಡೆದು ಓದಿ.