ಕುಡಿದವನ ಕೈಗೆ ಕೀಲಿ ಕೊಡಬೇಡಿ

(ಗ್ರಾಮಸೇವಕರೊಬ್ಬರು ಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಿ ಸಿಂಪಡಣೆಗಳ ಮಾತು ಬಿಟ್ಟು ಈ ಸಲ ನಾನು ಕಾಯಿದೆಯ ಮಾತು ತೆಗೆದಿರುವುದು ನಿಮಗೆ ಸೋಜಿಗವೆನಿಸಬಹುದು. ನಾನು ಓದಿದ್ದು ಕೃಷಿ ಡಿಪ್ಲೊಮಾ, ವಕೀಲಿಯಲ್ಲ. ಆದರೆ ಬೆಳೆದ ಬೆಳೆ ಕಣದಿಂದ ಮಂಡಿಗೆ ಹೋಗುವುದು ರಸ್ತೆಯ ಮೇಲೆ. ಅದನ್ನು ಮಾರಿದ ದುಡ್ಡು ಮನೆಗೆ ಬರುವುದೂ ಅದೇ ರಸ್ತೆಯ ಮೇಲೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ ಜಾತ್ರೆ, ಮದುವೆ, ಬೀಗರ ಔತಣಗಳು ಒಂದರ ಹಿಂದೆ ಒಂದು ಬರುತ್ತವೆ. ಆಗ ಕುಡಿತವೂ ಹೆಚ್ಚು, ರಾತ್ರಿಯ ಓಡಾಟವೂ ಹೆಚ್ಚು. ವರ್ಷವೆಲ್ಲ ದುಡಿದು ಗಳಿಸಿದ್ದನ್ನು ಒಂದು ರಾತ್ರಿಯಲ್ಲಿ ಕಳೆದುಕೊಳ್ಳಬಾರದೆಂಬುದೇ ನನ್ನ ಈ ಮಾತಿನ ಉದ್ದೇಶ.

ಹಿಂದೆ ಎತ್ತಿನ ಗಾಡಿಯ ಕಾಲದಲ್ಲಿ ಯಜಮಾನ ಸಂತೆಯಲ್ಲಿ ಒಂದಿಷ್ಟು ಹೆಚ್ಚು ಕುಡಿದು ಗಾಡಿಯಲ್ಲೇ ಮಲಗಿದರೂ ಎತ್ತುಗಳು ಅವನನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು. ಎತ್ತಿಗೆ ಮನೆಯ ದಾರಿ ಗೊತ್ತು. ಹಳ್ಳ ಕಂಡರೆ ನಿಲ್ಲಬೇಕೆಂಬುದೂ ಗೊತ್ತು. ಟ್ರ್ಯಾಕ್ಟರಿಗೂ ಮೋಟಾರು ಸೈಕಲ್ಲಿಗೂ ಅದು ಗೊತ್ತಿಲ್ಲ. ಅವುಗಳ ಬುದ್ಧಿಯೆಲ್ಲ ಓಡಿಸುವವನ ತಲೆಯಲ್ಲಿದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ಕುಡಿದವನ ಕಾಲು ಬ್ರೇಕಿನ ಮೇಲೆ ಬೀಳುವುದು ಅರ್ಧ ಸೆಕೆಂಡು ತಡವಾದರೂ ಸಾಕು, ಗಾಡಿ ಐದು ಮೀಟರಿಗಿಂತ ಹೆಚ್ಚು ಮುಂದೆ ನುಗ್ಗಿರುತ್ತದೆ. ರಸ್ತೆಗೆ ಓಡಿ ಬಂದ ಮಗು ಬದುಕುವುದೂ ಸಾಯುವುದೂ ಆ ಐದು ಮೀಟರಿನಲ್ಲಿದೆ.

ಇನ್ನು ಕಾಯಿದೆ ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನಗಳ ಕಾಯಿದೆಯು ಇಡೀ ದೇಶಕ್ಕೆ ಅನ್ವಯಿಸುತ್ತದೆ. ಕರ್ನಾಟಕದಲ್ಲಿಯೂ ಅದೇ ಜಾರಿಯಲ್ಲಿದೆ. ಅದರ 185ನೆಯ ಕಲಮಿನ ಪ್ರಕಾರ, ವಾಹನ ಓಡಿಸುವವನ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಇದ್ದರೆ ಅದು ಅಪರಾಧ. ಸಾವಿರ ಅಕ್ಕಿಕಾಳು ಸುಮಾರು 20 ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ 30 ಮಿಲಿಗ್ರಾಂ ಎಂದರೆ ಒಂದೂವರೆ ಅಕ್ಕಿಕಾಳಿನ ತೂಕ. ಇಷ್ಟು ಸಣ್ಣ ಅಳತೆಯನ್ನು "ನನಗೇನೂ ಆಗಿಲ್ಲ, ನೆಟ್ಟಗೆ ನಡೆಯುತ್ತಿದ್ದೇನೆ" ಎಂದು ಅಂದಾಜಿನಿಂದ ಅಳೆಯಲು ಸಾಧ್ಯವಿಲ್ಲ. ಗಾಂಜಾದಂಥ ಮಾದಕ ವಸ್ತುವಿನ ಅಮಲಿನಲ್ಲಿ ಗಾಡಿಯನ್ನು ಹತೋಟಿಯಲ್ಲಿಡಲಾರದವನಿಗೂ ಇದೇ ಕಲಮು ಅನ್ವಯಿಸುತ್ತದೆ. ಕಾರು, ಲಾರಿಗಳಿಗೆ ಮಾತ್ರವಲ್ಲ, ಟ್ರ್ಯಾಕ್ಟರು, ಆಟೋ, ಮೋಟಾರು ಸೈಕಲ್ಲು ಎಲ್ಲಕ್ಕೂ ಒಂದೇ ನಿಯಮ. ಓಡಿಸಲು ಪ್ರಯತ್ನಿಸುವುದೂ ಅಪರಾಧವೇ ಎಂಬುದನ್ನು ನೆನಪಿಡಿ.

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಅನುಮಾನ ಬಂದರೆ ಯಂತ್ರಕ್ಕೆ ಉಸಿರು ಊದುವಂತೆ ಹೇಳಬಹುದು. ಊದಲು ನಿರಾಕರಿಸಿದರೆ ತಪ್ಪಿಸಿಕೊಂಡಂತಾಗುವುದಿಲ್ಲ. ವಾರಂಟು ಇಲ್ಲದೆಯೇ ಬಂಧಿಸಲು, ರಕ್ತ ಪರೀಕ್ಷೆಗೆ ಒಳಪಡಿಸಲು ಕಾಯಿದೆಯಲ್ಲಿ ಅವಕಾಶವಿದೆ. ಕಾಯಿದೆ ಜನರ ಹಕ್ಕನ್ನೂ ಮರೆತಿಲ್ಲ. ಕುಡಿದು ಓಡಿಸಿದನೆಂದು ಬಂಧಿತನಾದವನನ್ನು ಎರಡು ಗಂಟೆಗಳೊಳಗೆ ವೈದ್ಯ ಪರೀಕ್ಷೆಗೆ ಒಳಪಡಿಸಬೇಕು; ಇಲ್ಲವಾದರೆ ಬಿಡಬೇಕು.

ಶಿಕ್ಷೆಯ ವಿಚಾರ. 2019ಕ್ಕೆ ಮುಂಚೆ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 2,000 ರೂಪಾಯಿ ಇತ್ತು. 2019ರ ಸೆಪ್ಟೆಂಬರ್ 1ರಿಂದ ಅದು 10,000 ರೂಪಾಯಿಯಾಗಿದೆ. ಮೊದಲ ಸಲ ಸಿಕ್ಕಿದವನಿಗೆ ಆರು ತಿಂಗಳವರೆಗೆ ಸಜೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ ಎರಡು ವರ್ಷಗಳವರೆಗೆ ಸಜೆ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ಹೆಲ್ಮೆಟ್ಟಿನ ದಂಡದಂತೆ ರಸ್ತೆಯಲ್ಲೇ ಕಟ್ಟಿ ರಸೀದಿ ಪಡೆದು ಹೋಗುವ ತಪ್ಪು ಇದಲ್ಲ; ಕೋರ್ಟಿನ ಮುಂದೆ ನಿಲ್ಲಲೇಬೇಕು. ಪೊಲೀಸರು ಲೈಸೆನ್ಸನ್ನು ತೆಗೆದುಕೊಂಡು, ಅದನ್ನು ಅಮಾನತು ಅಥವಾ ರದ್ದು ಮಾಡಲು ಸಾರಿಗೆ ಇಲಾಖೆಗೆ ಕಳುಹಿಸುತ್ತಾರೆ. ಹತ್ತು ಸಾವಿರವೆಂದರೆ ಸುಮಾರು ಏಳು ಚೀಲ ಡಿ.ಎ.ಪಿ. ಗೊಬ್ಬರದ ಬೆಲೆ. ಬಾಡಿಗೆಗೆ ಟ್ರ್ಯಾಕ್ಟರು ಓಡಿಸಿ ಜೀವನ ಮಾಡುವವನಿಗಾದರೋ, ಲೈಸೆನ್ಸು ಹೋಯಿತೆಂದರೆ ಅನ್ನವೇ ಹೋದಂತೆ.

ಅಪಘಾತವಾಗಿ ಯಾರಾದರೂ ಸತ್ತರೆ ಈ ಲೆಕ್ಕವೆಲ್ಲ ಸಣ್ಣದಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂತೆ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷಗಳವರೆಗೆ ಸಜೆಯುಂಟು. ಸಾವು ಸಂಭವಿಸಬಹುದೆಂದು ತಿಳಿದೂ ಓಡಿಸಿದನೆಂದು ಸಾಬೀತಾದರೆ ಸಜೆ ಹತ್ತು ವರ್ಷಗಳವರೆಗೆ ಏರಬಹುದು. 2006ರಲ್ಲಿ ಮುಂಬಯಿಯಲ್ಲಿ ಕುಡಿದವನೊಬ್ಬ ಓಡಿಸಿದ ಕಾರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿದು ಏಳು ಮಂದಿ ಸತ್ತರು. ಅದು ಬರೀ ಅಜಾಗರೂಕತೆಯಲ್ಲ, ತಿಳಿದೂ ಮಾಡಿದ ಅಪರಾಧವೆಂದು 2012ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ವಿಮೆ ಇದೆಯಲ್ಲ ಎಂದು ಕೆಲವರ ಧೈರ್ಯ. ಕುಡಿದು ಓಡಿಸಿ ಗಾಡಿ ಜಖಂ ಆದರೆ ಆ ನಷ್ಟವನ್ನು ತುಂಬಿಕೊಡುವುದಿಲ್ಲವೆಂದು ಪಾಲಿಸಿಯಲ್ಲೇ ಬರೆದಿರುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟು ಕೂಡ ಇಂಥದೊಂದು ಪ್ರಕರಣದಲ್ಲಿ ಕಂಪನಿ ಕಾರಿನ ನಷ್ಟಕ್ಕೆ ಹೊಣೆಯಲ್ಲವೆಂದು ತೀರ್ಪಿತ್ತಿತು. ಸಾಲ ಮಾಡಿ ಕೊಂಡ ಟ್ರ್ಯಾಕ್ಟರು ಹಳ್ಳಕ್ಕೆ ಬಿದ್ದರೆ ಟ್ರ್ಯಾಕ್ಟರು ಹೋಗುತ್ತದೆ, ಬ್ಯಾಂಕಿನ ಕಂತು ಮಾತ್ರ ಉಳಿಯುತ್ತದೆ.

ಈ ವಿಷಯ ಬಂದಾಗಲೆಲ್ಲ ರೈತರು ನನಗೆ ಹೇಳುವ ಮಾತುಗಳು ಕೆಲವಿವೆ. "ಮಜ್ಜಿಗೆ ಕುಡಿದರೆ ಇಳಿಯುತ್ತದೆ, ಸ್ವಾಮಿ." "ನಿಂಬೆಹಣ್ಣು ಹಿಂಡಿಕೊಂಡರೆ ಆಯಿತು." "ತಲೆಗೆ ಎರಡು ಕೊಡ ತಣ್ಣೀರು ಸುರಿದುಕೊಂಡರೆ ಸರಿಹೋಗುತ್ತದೆ." ಇವು ಯಾವುವೂ ನಿಜವಲ್ಲ. ಮದ್ಯಸಾರವನ್ನು ಕರಗಿಸುವ ಕೆಲಸ ಪಿತ್ತಜನಕಾಂಗದ್ದು. ಅದು ತನ್ನದೇ ನಿಧಾನ ಗತಿಯಲ್ಲಿ ನಡೆಯುತ್ತದೆ. ಅವಸರಪಡಿಸುವ ಔಷಧಿಯಿಲ್ಲ. ಸಾಮಾನ್ಯವಾಗಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಯುತ್ತದೆ. ಒಬ್ಬನು ಬೀಗರ ಔತಣದಲ್ಲಿ ಕುಡಿದು ಮಲಗುವಾಗ ಮಧ್ಯರಾತ್ರಿ ಅವನ ರಕ್ತದಲ್ಲಿ 150 ಮಿಲಿಗ್ರಾಂ ಇತ್ತೆಂದು ತಿಳಿಯೋಣ. ಬೆಳಗಿನ ಆರು ಗಂಟೆಗೆ ಎದ್ದು ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟಾಗಲೂ ಅವನಲ್ಲಿ 60 ಮಿಲಿಗ್ರಾಂ ಉಳಿದಿರುತ್ತದೆ. ಅದು ಕಾಯಿದೆಯ ಮಿತಿಯ ಎರಡರಷ್ಟು. ಎಲೆ ಅಡಿಕೆ ಹಾಕಿದರೆ ಬಾಯಿಯ ವಾಸನೆ ಮುಚ್ಚಬಹುದು. ಆದರೆ ಯಂತ್ರ ಅಳೆಯುವುದು ವಾಸನೆಯನ್ನಲ್ಲ, ಶ್ವಾಸಕೋಶದಿಂದ ಬರುವ ಉಸಿರಿನಲ್ಲಿರುವ ಮದ್ಯಸಾರವನ್ನು.

"ಹೆದ್ದಾರಿಯಲ್ಲಿ ತಾನೇ ಪೊಲೀಸರು? ನಮ್ಮದು ಹಳ್ಳಿಯ ದಾರಿ" ಎನ್ನುವವರಿಗೆ ಒಂದು ಮಾತು. ಸಾರ್ವಜನಿಕರು ಓಡಾಡುವ ದಾರಿಯೆಲ್ಲವೂ ಕಾಯಿದೆಯ ಕಣ್ಣಿಗೆ ಸಾರ್ವಜನಿಕ ಸ್ಥಳವೇ. ಪೊಲೀಸರು ಇಲ್ಲದಿರಬಹುದು, ಆದರೆ ಜನರಿದ್ದಾರೆ. ದೀಪವಿಲ್ಲದ ದಾರಿ, ಹಟ್ಟಿಗೆ ಮರಳುವ ಕುರಿ, ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಬರುವ ಹುಡುಗಿ ಇವೆಲ್ಲ ಇರುವುದು ಹಳ್ಳಿಯ ದಾರಿಯಲ್ಲೇ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಕುಡಿದವನಿಗೆ ಮಾತ್ರ ಶಿಕ್ಷೆ ಎಂದು ನಾವು ತಿಳಿದಿದ್ದೇವೆ. ಆದರೆ ಅದೇ ಕಾಯಿದೆಯ 188ನೆಯ ಕಲಮು, ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅಷ್ಟೇ ಶಿಕ್ಷೆ ಎಂದು ಹೇಳುತ್ತದೆ. ತೂರಾಡುತ್ತಿರುವವನೆಂದು ತಿಳಿದೂ "ಪರವಾಗಿಲ್ಲ, ಇನ್ನೊಂದು ಲೋಡು ಹೊಡೆದು ಬಾ" ಎಂದು ಕೀಲಿ ಕೈಗಿಡುವ ಮಾಲೀಕ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕುಡಿದವನಿಗೆ ತನ್ನ ಸ್ಥಿತಿ ತಿಳಿಯುವುದಿಲ್ಲ. ಮದ್ಯ ಮೊದಲು ಕೆಡಿಸುವುದೇ ವಿವೇಕವನ್ನು. ಆದುದರಿಂದ ವಿವೇಕ ಉಳಿದಿರುವವರೇ ಅವನ ಪರವಾಗಿ ಯೋಚಿಸಬೇಕು.

ಇದಕ್ಕೆ ಸರ್ಕಾರದ ಹಣ ಬೇಕಿಲ್ಲ, ಅರ್ಜಿ ಬೇಕಿಲ್ಲ. ಮದುವೆ, ಬೀಗರ ಔತಣ ನಡೆಸುವ ಮನೆಯವರು ಗಾಡಿಗಳ ಕೀಲಿಗಳನ್ನು ಕುಡಿಯದ ಹಿರಿಯರೊಬ್ಬರ ವಶಕ್ಕೆ ಒಪ್ಪಿಸಲಿ. ಜಾತ್ರೆಗೆ ಹೋಗುವ ಪ್ರತಿಯೊಂದು ಗುಂಪಿನಲ್ಲೂ ಒಬ್ಬನು ಆ ದಿನ ಕುಡಿಯುವುದಿಲ್ಲವೆಂದು ಮೊದಲೇ ಒಪ್ಪಿಕೊಂಡು ಅವನೇ ಗಾಡಿ ಓಡಿಸಲಿ. ಬಂದ ನೆಂಟನನ್ನು ರಾತ್ರಿ ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಸಿರಿ. ಅವನು ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ, ನಾಳೆ ಮಾತಾಡುತ್ತಾನೆ. ಕೂಲಿಗೆ ಟ್ರ್ಯಾಕ್ಟರು ಓಡಿಸುವ ಹುಡುಗನಿಗೆ ಬಟವಾಡೆಯ ಜತೆಗೆ ಬಾಟಲಿ ಕೊಡುವ ರೂಢಿ ಎಲ್ಲಾದರೂ ಇದ್ದರೆ ನಿಲ್ಲಿಸಿರಿ. ಟ್ರೇಲರು ಇರುವುದು ಸರಕಿಗೆ. ಅದರಲ್ಲಿ ಜನರನ್ನು ತುಂಬಬೇಡಿರಿ. ತಾಯಂದಿರು ಕೀಲಿ ಕೇಳಿದಾಗ ಗಂಡಸರು ಅದನ್ನು ಅವಮಾನವೆಂದು ತಿಳಿಯಬಾರದು. ಆ ಹೊತ್ತಿನಲ್ಲಿ ಮನೆಯ ಆಸ್ತಿಯನ್ನು ಕಾಯುತ್ತಿರುವವರು ಅವರೇ.

ಅಪಘಾತವಾದದ್ದು ಕಂಡರೆ ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಲು ಹಿಂಜರಿಯಬೇಡಿರಿ. ಒಳ್ಳೆಯ ಮನಸ್ಸಿನಿಂದ ನೆರವಾದವನ ಮೇಲೆ ಹೊಣೆ ಹೊರಿಸಬಾರದೆಂದು 2019ರ ತಿದ್ದುಪಡಿಯಲ್ಲಿ ರಕ್ಷಣೆ ಕೊಡಲಾಗಿದೆ.

ಕುಡಿಯುವುದು ಬಿಡುವುದು ಅವರವರಿಗೆ ಸೇರಿದ್ದು. ಬಿಟ್ಟರೆ ಮನೆಗೂ ಮೈಗೂ ಒಳ್ಳೆಯದು. ಆದರೆ ಕುಡಿದು ರಸ್ತೆಗೆ ಇಳಿಯುವುದು ಒಬ್ಬನಿಗೆ ಮಾತ್ರ ಸೇರಿದ್ದಲ್ಲ. ರಸ್ತೆ ಎಲ್ಲರದು. ಈ ಸುಗ್ಗಿಯಲ್ಲಿ ನಮ್ಮ ಹಳ್ಳಿಗಳಿಂದ ಹೊರಟವರೆಲ್ಲ ಮನೆಗೆ ಮರಳಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.